ಸಾಕಿದವರಿಗಿಂತ ಹೆಚ್ಚು ಕಾಲ ಬದುಕುವ ಹಕ್ಕಿಗಳು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ವಿದೇಶಿ ಗಿಳಿಗಳನ್ನು ಮನೆಯಲ್ಲಿ ಸಾಕುವ ಹವ್ಯಾಸ ನಮ್ಮ ನಗರಗಳಲ್ಲಿ ಹೆಚ್ಚುತ್ತಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಬರಹವನ್ನು ಓದಿದೆ. ಹಕ್ಕಿಯ ಬೆಲೆ, ಮೇವು, ಪಂಜರದ ಅಳತೆ ಎಲ್ಲವೂ ಅದರಲ್ಲಿತ್ತು. ಸಾಕಿದವರು ಮುದುಕರಾದ ಮೇಲೆ ಆ ಹಕ್ಕಿಯ ಗತಿಯೇನು ಎಂಬ ಒಂದು ಮಾತು ಮಾತ್ರ ಇರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಬ್ಲೋಡೆಲ್ ಕನ್ಸರ್ವೇಟರಿ ಎಂಬ ಗುಮ್ಮಟದೊಳಗಿನ ತೋಟವನ್ನು ಎರಡು ಸಲ ನೋಡಿ ಬಂದ ನನ್ನನ್ನು ಈ ಪ್ರಶ್ನೆ ಬಿಡದೆ ಕಾಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ ಊರಿಗೆಲ್ಲ ಎತ್ತರವಾದ ಲಿಟಲ್ ಮೌಂಟನ್ ಎಂಬ ಗುಡ್ಡದ ಮೇಲೆ ಕ್ವೀನ್ ಎಲಿಜಬೆತ್ ಪಾರ್ಕ್ ಇದೆ. ಹಿಂದೆ ರಸ್ತೆಗಳಿಗೆ ಕಲ್ಲು ಒದಗಿಸುತ್ತಿದ್ದ ಕ್ವಾರಿಗಳು ಈಗ ಅಲ್ಲಿ ಹೂದೋಟಗಳಾಗಿವೆ. ಗುಡ್ಡದ ನೆತ್ತಿಯಲ್ಲಿ ಈ ಗುಮ್ಮಟ. ಮರದ ಉದ್ಯಮದಲ್ಲಿ ಹಣ ಮಾಡಿದ ಪ್ರೆಂಟಿಸ್ ಬ್ಲೋಡೆಲ್ ಎಂಬವರು ಕೊಟ್ಟ 12.5 ಲಕ್ಷ ಡಾಲರ್ ದೇಣಿಗೆಯ ಬಲದಿಂದ ಕಟ್ಟಿದ ಇದು 1969ರ ಡಿಸೆಂಬರ್ 6ರಂದು ಸಾರ್ವಜನಿಕರಿಗೆ ತೆರೆಯಿತು. (ಕಾಡು ಕಡಿದು ಬಂದ ಹಣದಲ್ಲಿ ಕಾಡೊಂದನ್ನು ನೆಟ್ಟರಲ್ಲ ಎಂದು ನಾನು ಅಂದದ್ದಕ್ಕೆ, ನೆಡದೆ ಇದ್ದವರೇ ಹೆಚ್ಚು ಅಮ್ಮ ಎಂದಳು ಮಗಳು.) ಸುಮಾರು 43 ಮೀಟರ್ ಅಗಲ, 21 ಮೀಟರ್ ಎತ್ತರದ ಗುಮ್ಮಟಕ್ಕೆ ಒಳಗೆ ಒಂದೇ ಒಂದು ಕಂಬವಿಲ್ಲ, ಅಲ್ಯೂಮಿನಿಯಂ ಕೊಳವೆಗಳ ತ್ರಿಕೋನ ಹಂದರಕ್ಕೆ ಕೂರಿಸಿದ 1,490 ಉಬ್ಬು ಫಲಕಗಳೇ ಅದರ ಮಾಡು. ದೂರದಿಂದ ಗಾಜಿನಂತೆ ಕಂಡರೂ ಅವು ಪಾರದರ್ಶಕ ಪ್ಲಾಸ್ಟಿಕ್ಕಿನವು.

ನಾವು ಹೋದ ದಿನ ಹೊರಗೆ ಜಿಟಿಜಿಟಿ ಮಳೆ, ಮೂಳೆ ಕೊರೆಯುವ ಚಳಿ. ಬಾಗಿಲು ದಾಟಿ ಒಳಗೆ ಕಾಲಿಟ್ಟ ಕ್ಷಣ ನನ್ನ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣದಾಯಿತು. ಕಾಣುವ ಮೊದಲು ಬಂದದ್ದು ವಾಸನೆ: ಒದ್ದೆ ಮಣ್ಣು, ಕೊಳೆಯುವ ಎಲೆ, ಎಲ್ಲೋ ಹಣ್ಣಾದ ಬಾಳೆ. ಸಕಲೇಶಪುರದ ಕಡೆ ಹುಟ್ಟಿ ಬೆಳೆದ ನನಗೆ ಅದು ಶ್ರಾವಣದ ಹಿತ್ತಿಲ ವಾಸನೆಯೇ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರೆ ಎದುರಿಗೆ ಕ್ರೋಟನ್, ಪಕ್ಕದಲ್ಲಿ ದಾಸವಾಳ, ಆಚೆಗೆ ಬಾಳೆ, ಮತ್ತೆ ಸ್ವಲ್ಪ ಮುಂದೆ, ಹೆಸರಿನ ಫಲಕ ತಗುಲಿಸಿಕೊಂಡು ನಿಂತ ಒಂದು ಕಾಫಿ ಗಿಡ! ಅದರ ಕೊಂಬೆಯಲ್ಲಿ ಹತ್ತೋ ಹನ್ನೆರಡೋ ಹಣ್ಣುಗಳಿದ್ದವು. ನಮ್ಮ ಕಡೆ ಕೊಯ್ಲಿಗೆ ಆಳು ಸಿಗದೆ ತೋಟದವರು ಒದ್ದಾಡುವ ಡಿಸೆಂಬರಿನಲ್ಲಿ ಆ ಒಂದು ಗಿಡದ ಮುಂದೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು ಎಂದು ಓದಿದ ನೆನಪು. ಅಲ್ಲಿ ಗಾಳಿ ಈ ಕಡೆಯಿಂದ ಆ ಕಡೆಗೆ ಸರಾಗವಾಗಿ ಹಾಯುತ್ತದೆ. ವರ್ಷಕ್ಕೆರಡು ಬಾರಿ ಫಲಪುಷ್ಪ ಪ್ರದರ್ಶನ ನಡೆಯುವ ಆ ಜಾಗಕ್ಕೆ ಬೇಕಾದದ್ದು ನೆರಳು, ಅಷ್ಟೆ. ವ್ಯಾಂಕೂವರಿನದು ಹಾಗಲ್ಲ. ಉಷ್ಣವಲಯದ ಮಳೆಕಾಡು, ಅದಕ್ಕಿಂತ ಸ್ವಲ್ಪ ತಂಪಾದ ಸೀಮೆ, ಕಳ್ಳಿ ಬೆಳೆಯುವ ಒಣನೆಲ ಹೀಗೆ ಮೂರು ಬಗೆಯ ಹವೆಗೆ ತಕ್ಕ ಸುಮಾರು 500 ಜಾತಿಯ ಗಿಡಗಳನ್ನು ಒಂದೇ ಮಾಡಿನಡಿ ಜೋಡಿಸಿ, ಚಳಿಗಾಲವಿಡೀ ಬೆಚ್ಚಗಿಡಬೇಕು. ಕಾಲು ಗಂಟೆಯಲ್ಲಿ ಸುತ್ತಿ ಮುಗಿಸಬಹುದಾದ ದಾರಿಯಲ್ಲಿ ನಾವು ಎರಡೂವರೆ ಗಂಟೆ ಕಳೆದೆವು. ಅದಕ್ಕೆ ಕಾರಣ ಗಿಡಗಳಲ್ಲ, ಹಕ್ಕಿಗಳು.

ನೂರಕ್ಕೂ ಹೆಚ್ಚು ಹಕ್ಕಿಗಳು ಅಲ್ಲಿವೆ. ಸಣ್ಣವೆಲ್ಲ ಪಂಜರವಿಲ್ಲದೆ ಹಾರಾಡಿಕೊಂಡಿವೆ. ಆಸ್ಟ್ರೇಲಿಯಾ ಮೂಲದ ಗೂಲ್ಡಿಯನ್ ಫಿಂಚ್‌ಗಳು, ಹಸಿರು ಬೆನ್ನು, ನೇರಳೆ ಎದೆ, ಹಳದಿ ಹೊಟ್ಟೆ ಹೊತ್ತು, ಗುಬ್ಬಿಗಿಂತ ಚಿಕ್ಕ ಗಾತ್ರದಲ್ಲಿ ತಲೆಯ ಮೇಲೆಯೇ ಸುಳಿದು ಹೋಗುತ್ತವೆ. ಲೇಡಿ ಆಮ್ಹರ್ಸ್ಟ್ ಫೆಸೆಂಟ್ ಎಂಬ ಉದ್ದ ಬಾಲದ ಕೋಳಿ ಜಾತಿಯ ಹಕ್ಕಿಯೊಂದು, ಮದುವೆ ಮನೆಯಲ್ಲಿ ಸೀರೆಯ ಸೆರಗು ನೆಲಕ್ಕೆ ತಾಗದಂತೆ ನಡೆಯುವ ಹೆಂಗಸಿನ ಗತ್ತಿನಲ್ಲಿ ದಾರಿಯನ್ನು ಅಡ್ಡ ದಾಟಿತು. ಈ ಹಕ್ಕಿಯ ತವರು ಚೀನಾದ ನೈರುತ್ಯ ಭಾಗ ಮತ್ತು ಮ್ಯಾನ್ಮಾರ್. ಅದಕ್ಕೆ ಬಂಗಾಳದ ಗವರ್ನರ್ ಜನರಲ್ ಆಗಿದ್ದವನೊಬ್ಬನ ಹೆಂಡತಿಯ ಹೆಸರಿಟ್ಟಿದ್ದಾರೆ.

ಮಕಾವ್, ಕಾಕಟೂ, ಆಫ್ರಿಕನ್ ಗ್ರೇ ಮುಂತಾದ ದೊಡ್ಡ ಗಿಳಿಗಳು ಮಾತ್ರ ತಮ್ಮ ತಮ್ಮ ಅಡ್ಡೆಗಳ ಮೇಲೆ ಕೂತಿರುತ್ತವೆ. ಅವುಗಳಲ್ಲಿ ಒಂದು ಬೂದು ಗಿಳಿ, ಕೆಂಪು ಬಾಲದ್ದು, ನಮ್ಮನ್ನು ಓರೆಗಣ್ಣಿನಿಂದ ಅಳೆದು ನೋಡಿ 'ಟೀಂ, ಟೀಂ, ಟೀಂ' ಎಂದು ಮೂರು ಸಲ ಸದ್ದು ಮಾಡಿ ಸುಮ್ಮನಾಯಿತು. ಅದು ಯಾವ ಹಕ್ಕಿಯ ಕೂಗೂ ಅಲ್ಲ, ಮೈಕ್ರೊವೇವ್ ಒಲೆಯಲ್ಲಿ ಅಡುಗೆ ಬಿಸಿಯಾದಾಗ ಬರುವ ಸದ್ದು. ಗುಮ್ಮಟದೊಳಗೆ ಎಲ್ಲಿಯೂ ಒಲೆ ಇಲ್ಲ. ಅಲ್ಲಿದ್ದ ಸ್ವಯಂಸೇವಕಿಯೊಬ್ಬರನ್ನು ಕೇಳಿದಾಗ ವಿಷಯ ಗೊತ್ತಾಯಿತು: ಇಲ್ಲಿನ ಹಕ್ಕಿಗಳನ್ನು ಕಾಡಿನಿಂದ ಹಿಡಿದು ತಂದಿಲ್ಲ; ಸಾಕಿದವರು ಮುದುಕರಾಗಿ, ಕಾಯಿಲೆ ಬಿದ್ದು, ಮನೆ ಬದಲಿಸಿ ಅಥವಾ ಹಕ್ಕಿಯ ಅರಚಾಟ ತಾಳಲಾರದೆ ಬಿಟ್ಟುಕೊಟ್ಟವೇ ಅವುಗಳಲ್ಲಿ ಬಹಳಷ್ಟು. ಯಾರದೋ ಅಡುಗೆಮನೆಯ ಸದ್ದನ್ನು ಆ ಗಿಳಿ ಇನ್ನೂ ಹೊತ್ತುಕೊಂಡಿತ್ತು. ಅಲ್ಲಿಯವರೆಗೆ ತೋಟ ನೋಡಲು ಬಂದಿದ್ದ ನಾನು ಆಮೇಲೆ ನೋಡಿದ್ದು ಒಂದು ಅನಾಥಾಲಯವನ್ನು. ಚೆನ್ನಾಗಿ ನಡೆಯುತ್ತಿರುವ ಅನಾಥಾಲಯ ಎಂಬುದನ್ನೂ ಹೇಳಬೇಕು.

ಅಂಥ ಜಾಗವನ್ನು ನಡೆಸುವುದು ಸುಲಭವೆಂದು ನಾನು ಹೇಳುತ್ತಿಲ್ಲ. 2009ರ ಕೊನೆಯಲ್ಲಿ ಖರ್ಚು ಹೆಚ್ಚಾಯಿತು, ಮಾಡು ರಿಪೇರಿಗೆ ಬಂದಿದೆ ಎಂದು ಅಲ್ಲಿನ ಪಾರ್ಕ್ ಮಂಡಳಿ ಈ ಗುಮ್ಮಟವನ್ನು ಮುಚ್ಚಲು ತೀರ್ಮಾನಿಸಿತ್ತು. ಊರಿನ ಜನ ಗುಂಪು ಕಟ್ಟಿಕೊಂಡು ಹೋರಾಡಿ ಮರುವರ್ಷ ಅದನ್ನು ಉಳಿಸಿಕೊಂಡರು, 2014ರಲ್ಲಿ ಮಾಡಿನ ಫಲಕಗಳನ್ನು ಹೊಸದಾಗಿ ಹಾಕಿದರು. ಅದೇ ಪ್ರಾಂತದ ಕೂಂಬ್ಸ್ ಎಂಬ ಊರಿನಲ್ಲಿ ಒಬ್ಬ ಮಹಿಳೆ ನಡೆಸುತ್ತಿದ್ದ ಗಿಳಿಧಾಮದ ಕಥೆ ಇನ್ನೂ ಕಷ್ಟದ್ದು. 2016ರಲ್ಲಿ ಆಕೆ ತೀರಿಕೊಂಡಾಗ ಅಲ್ಲಿದ್ದ ಸುಮಾರು 600 ಗಿಳಿಗಳು ಒಮ್ಮೆಗೇ ನೆಲೆ ಕಳೆದುಕೊಂಡವು. ಗ್ರೇಹೇವನ್ ಎಂಬ ಸಂಸ್ಥೆ ಅವುಗಳ ಹೊಣೆ ಹೊತ್ತು ಒಂದೊಂದಕ್ಕೂ ಮನೆ ಹುಡುಕಬೇಕಾಯಿತು. ಒಬ್ಬರ ದಯೆಯ ಮೇಲೆ ನಿಂತ ಆಶ್ರಯ ಆ ಒಬ್ಬರೊಂದಿಗೇ ಮುಗಿಯುತ್ತದೆ.

ಇಷ್ಟು ದೂರದ ಮಾತನ್ನು ಇಲ್ಲಿ ಎತ್ತಲು ಕಾರಣ, ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ರಾಯರು. ನಿವೃತ್ತರಾದ ಮೇಲೆ ಹೊತ್ತು ಹೋಗಲೆಂದು ಅವರು ಒಂದು ಆಫ್ರಿಕನ್ ಗ್ರೇ ಮರಿಯನ್ನು ಕೊಂಡು ತಂದರು. ಈ ಜಾತಿಯ ಗಿಳಿ ಒಳ್ಳೆಯ ಆರೈಕೆಯಲ್ಲಿ 40, 50 ವರ್ಷ ಬಾಳುತ್ತದೆಂದು ಮಾರಿದವನು ಹೇಳಿದ್ದನಂತೆ; ಅದನ್ನು ಅವನು ಹಕ್ಕಿಯ ಗುಣವೆಂದು ಹೇಳಿದ, ರಾಯರೂ ಗುಣವೆಂದೇ ಕೇಳಿಸಿಕೊಂಡರು. ಕೊಂಡಾಗ ರಾಯರಿಗೆ 61. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಮಕ್ಕಳಿಬ್ಬರೂ ಹೊರಗಿನ ಊರಿನವರು, ಅವರ ಅಪಾರ್ಟ್‌ಮೆಂಟಿನಲ್ಲಿ ಹಕ್ಕಿಗೆ ಜಾಗವಿಲ್ಲ. ಒಂದು ಪ್ರಾಣಿ ಸಂಗ್ರಹಾಲಯದಲ್ಲಿ ಕೇಳಿದರೆ ಖಾಸಗಿಯವರು ಸಾಕಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಒಂದು ಕಚೇರಿಯಲ್ಲಿ ಇನ್ನೊಂದು ಕಚೇರಿಯ ವಿಳಾಸ ಕೊಟ್ಟರು. ಕೊನೆಗೆ ಹಕ್ಕಿ ಬಂದದ್ದು ನಮ್ಮ ಮನೆಗೆ. ಬೆಳಿಗ್ಗೆ ಆರೂವರೆಗೆ ಅದು ರಾಯರ ದನಿಯಲ್ಲಿ ಒಮ್ಮೆ ಕೆಮ್ಮಿ, 'ಕಾಫಿ ಆಯ್ತೇನೇ' ಎಂದು ಕೇಳುತ್ತದೆ. ಆಚೆ ಮನೆಯಲ್ಲಿರುವ ರಾಯರ ಪತ್ನಿಗೆ ಇದು ಕೇಳಿಸದಿರಲೆಂದು ನಾನು ಆ ಕಡೆಯ ಕಿಟಕಿಯನ್ನು ಮುಚ್ಚಿಡುತ್ತೇನೆ. ನನಗೀಗ 67 ವರ್ಷ.

ಕಾನೂನು ಇಲ್ಲವೆಂದಲ್ಲ. ಆಫ್ರಿಕನ್ ಗ್ರೇ ಗಿಳಿಯನ್ನು ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರ ನಿಷಿದ್ಧವಾದ ಪಟ್ಟಿಗೆ ಸೇರಿಸಲು 2016ರಲ್ಲೇ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ದೇಶಗಳು ತೀರ್ಮಾನಿಸಿದವು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಬಂದು, 2024ರ ಫೆಬ್ರವರಿಯಲ್ಲಿ ಹೊರಬಿದ್ದ ನಿಯಮಗಳ ಪ್ರಕಾರ ಇಂಥ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅಣ್ಣನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಆ ಅರ್ಜಿ ತುಂಬಿದ್ದೇನೆ. ಹಕ್ಕಿ ಯಾರ ಬಳಿ ಇದೆ ಎಂಬುದು ಸರ್ಕಾರಕ್ಕೆ ಗೊತ್ತಾಗುವುದು ಒಳ್ಳೆಯದೇ. ಆದರೆ ಸಾಕಲು ಕೈಲಾಗದವರು ಅದನ್ನು ಎಲ್ಲಿಗೆ ಒಪ್ಪಿಸಬೇಕು ಎಂದು ನಾನು ಕೇಳಿದ ಯಾವ ಬಾಗಿಲಲ್ಲಿಯೂ ಉತ್ತರ ಸಿಗಲಿಲ್ಲ. ಕೆಲವರು 'ಹಾರಿಸಿ ಬಿಡಿ, ಪುಣ್ಯ ಬರುತ್ತದೆ' ಎಂದರು. ಆಫ್ರಿಕಾದ ಮಳೆಕಾಡಿನ ಜಾತಿಯ, ಹುಟ್ಟಿದಾಗಿನಿಂದ ಬಟ್ಟಲಲ್ಲಿ ಕಡಲೆಕಾಯಿ ತಿಂದ ಹಕ್ಕಿಯನ್ನು ಮೈಸೂರಿನ ಹದ್ದು, ಬೆಕ್ಕುಗಳ ನಡುವೆ ಹಾರಿಸಿದರೆ ಬರುವುದು ಪುಣ್ಯವಲ್ಲ.

ನಮ್ಮಲ್ಲಿ ಅನುಭವಕ್ಕೆ ಕೊರತೆಯಿಲ್ಲ. ಮೈಸೂರಿನ ಕಾರಂಜಿ ಕೆರೆಯಂಗಳದಲ್ಲಿ ಜನ ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿಮನೆ ಇದೆ. ಬನ್ನೇರುಘಟ್ಟದಲ್ಲಿ 2006ರಿಂದ ಮುಚ್ಚಿದ ಮಾಡಿನ ಕೆಳಗೆ ಗಿಡ ಬೆಳೆಸಿ ಚಿಟ್ಟೆಗಳನ್ನು ಹಾರಾಡಲು ಬಿಟ್ಟಿದ್ದಾರೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನದಲ್ಲಿ ನೂರಾರು ಜಾತಿಯ ಗಿಳಿಗಳ ಆರೈಕೆ ನಡೆದಿದೆ. ವ್ಯಾಂಕೂವರಿನವರು ಚಳಿಗಾಲದುದ್ದಕ್ಕೂ ಕಾಯಿಸಬೇಕಾದ ಗಾಳಿ ನಮಗೆ ಬಿಟ್ಟಿಯಾಗಿ ಸಿಗುತ್ತದೆ, ಅವರು ಜತನದಿಂದ ಬೆಳೆಸುವ ಬಾಳೆ, ದಾಸವಾಳ ನಮ್ಮಲ್ಲಿ ಬೇಲಿಯ ಬದಿಯಲ್ಲಿ ತಾವಾಗಿಯೇ ಬೆಳೆಯುತ್ತವೆ. ಆದ್ದರಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರವೂ ತೋಟಗಾರಿಕೆ ಇಲಾಖೆಯೂ ಸೇರಿ, ಜನ ಬಿಟ್ಟುಕೊಡುವ ವಿದೇಶಿ ಹಕ್ಕಿಗಳಿಗೆಂದೇ ಗಿಡಮರಗಳ ನಡುವೆ ಒಂದು ಆಶ್ರಯ ಕಟ್ಟಿಸಿ, ಟಿಕೆಟ್ ಇಟ್ಟು ಸಾರ್ವಜನಿಕರಿಗೆ ತೆರೆಯಬೇಕೆಂದು ಕೋರುತ್ತೇನೆ. ಹಕ್ಕಿ ಮಾರುವ ಅಂಗಡಿಗಳಿಂದ ಅದರ ಖರ್ಚಿಗೆ ಒಂದು ಪಾಲು ಪಡೆಯುವುದೂ, ಕೊಳ್ಳುವವರ ವಯಸ್ಸನ್ನೂ ಹಕ್ಕಿಯ ಆಯುಷ್ಯವನ್ನೂ ಒಂದೇ ರಸೀದಿಯಲ್ಲಿ ಬರೆಸುವುದೂ ನ್ಯಾಯವೆಂದು ನನಗೆ ತೋರುತ್ತದೆ.

ಇಂಥ ಹಕ್ಕಿಯನ್ನು ಒಪ್ಪಿಸಲು ಸರಿಯಾದ ದಾರಿ ಕಂಡುಕೊಂಡ ಓದುಗರು ಯಾರಾದರೂ ಇದ್ದರೆ ಇದೇ ಅಂಕಣಕ್ಕೆ ಬರೆದು ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ, ಮೈಸೂರು