ಭಾನುವಾರ ಕಂಪ್ಯೂಟರ್‌ಗಳ ಸ್ವಚ್ಛತೆ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದೆ. ಮುದ್ರಣ ಯಂತ್ರದ ಪೌಡರ್, ಕಾಗದದ ಧೂಳು ವಿನ್ಯಾಸದ ಕೋಣೆಗೂ ಬರುತ್ತಿವೆ. ನಿನ್ನೆ ಮೂಲೆಯ ಕಂಪ್ಯೂಟರ್ ಮೂರು ಸಲ ತಾನಾಗಿಯೇ ಆರಿತು. ಬಿಚ್ಚಿ ನೋಡಿದರೆ ಫ್ಯಾನಿನ ತುಂಬ ಹತ್ತಿಯಂತೆ ಧೂಳು. ಭಾನುವಾರ ಬೆಳಿಗ್ಗೆ 8ಕ್ಕೆ ಐದೂ ಕಂಪ್ಯೂಟರ್‌ಗಳನ್ನು ಬಿಚ್ಚಿ ಬ್ಲೋವರ್‌ನಿಂದ ಸ್ವಚ್ಛ ಮಾಡೋಣ. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು, ಸುತ್ತಲು ಬಿಡಬಾರದು.

ಲೇಸರ್ ಪ್ರಿಂಟರನ್ನು ದಯವಿಟ್ಟು ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತನ್ನು ನಮ್ಮ ಯುಪಿಎಸ್ ತಾಳುವುದಿಲ್ಲ.

ಹೆಚ್ಚು ಕಾಡುತ್ತಿರುವುದು ಫಾಂಟ್. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಮದುವೆ ಪತ್ರಿಕೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಮುದ್ರಣದ ಪ್ಲೇಟಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡಿ (ಅಂದರೆ ಫಾಂಟ್ ಬೇಡದ, ಟೈಪ್ ಮಾಡಿ ತಿದ್ದಲಾಗದ ಆಕಾರಗಳಾಗಿ ಬದಲಿಸಿ), ಆದರೆ ತಿದ್ದಬಹುದಾದ ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಅಜ್ಜನ ಹೆಸರೊಂದನ್ನು ತಿದ್ದಲು ಇಡೀ ಪತ್ರಿಕೆಯನ್ನು ಮತ್ತೆ ಟೈಪ್ ಮಾಡಿದ ಸಂಕಟ ನನಗೆ ಗೊತ್ತು.

ಗ್ರಾಹಕರ ಪೆನ್‌ಡ್ರೈವ್‌ಗಳನ್ನು ಮೊದಲು ಬಾಗಿಲ ಬಳಿಯ ಕಂಪ್ಯೂಟರಿನಲ್ಲೇ ಪರೀಕ್ಷಿಸಿ. ಶನಿವಾರ ರಾತ್ರಿಯೊಳಗೆ ಎಲ್ಲರೂ ತಮ್ಮ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿರಬೇಕು. ಡಿಸ್ಕ್ ನನ್ನ ಮೇಜಿನ ಮೇಲಿದೆ.