ಕಟ್ಟುವ ಮೊದಲು ಕೇಳಿ ನೋಡಿ: ಆರೋಗ್ಯ ಸಚಿವರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕೇರಳದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ನಿಧಾನಕ್ಕೆ ಓದಲೂ ಬರುತ್ತದೆ. ಆದರೆ ಹೊಟ್ಟೆಯೊಳಗಿನ ಸಂಕಟ ಹೇಳುವಾಗ ಮನೆಯ ಮಾತೇ ಬಾಯಿಗೆ ಬರುವುದು. ನಮ್ಮಂಥವರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂದು 1969ರ ಕೇರಳ ಭಾಷಾ ಕಾಯ್ದೆ ಹೇಳುತ್ತದೆ. ಆ ಧೈರ್ಯದಿಂದ ಬರೆಯಲು ಕೂತಿದ್ದೇನೆ. ಮಾನಸಿಕ ಚಿಕಿತ್ಸೆಯ ಬೀಗದ ವಾರ್ಡಿನಲ್ಲಿ ರೋಗಿಯನ್ನು ಕಟ್ಟಿ ಹಾಕುವ ಮೊದಲು ಅವನ ಸಂಕಟ ಏನೆಂದು ಕೇಳುವ ಒಬ್ಬರು ಬೇಕು ಎಂಬುದೇ ನನ್ನ ಕೋರಿಕೆ.

ನನ್ನ ತಮ್ಮನಿಗೆ ಸ್ಕಿಝೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಈಗ ಮನೆಯಲ್ಲಿ ಒಂದು ಹದದಲ್ಲಿ ಇದ್ದಾನೆ. ಮಾತ್ರೆ ತಪ್ಪಿಸುವುದಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗಿ ಬಿದ್ದ ಅಡಿಕೆ ಹೆಕ್ಕಿಕೊಂಡು ಬರುತ್ತಾನೆ. ಕೆಲವು ವರ್ಷಗಳ ಹಿಂದೆ ಹೀಗಿರಲಿಲ್ಲ. ಆಗ ಅವನನ್ನು ಒಂದು ಆಸ್ಪತ್ರೆಯ ಬೀಗ ಹಾಕಿದ ವಾರ್ಡಿಗೆ ಸೇರಿಸಬೇಕಾಯಿತು. ಹತ್ತೊಂಬತ್ತು ದಿನ ಅಲ್ಲಿದ್ದ. ಆಸ್ಪತ್ರೆಯ ಹೆಸರು ಬೇಡ. ಯಾರ ಮೇಲೂ ದೂರು ಹೇಳಲು ನಾನು ಇದನ್ನು ಬರೆಯುತ್ತಿಲ್ಲ.

ನಾಲ್ಕನೇ ದಿನ ನೋಡಲು ಹೋದೆ. ಮಂಚದ ಮೇಲೆ ಮಂಡಿ ಮಡಚಿ, ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಕೂತಿದ್ದ. ಮಣಿಕಟ್ಟಿನಲ್ಲಿ ಬಟ್ಟೆ ಬಿಗಿದ ಕೆಂಪು ಗುರುತು. ಹಿಂದಿನ ರಾತ್ರಿ ಮಂಚದ ಮೇಲೆ ಹತ್ತಿ ನಿಂತು ಫ್ಯಾನಿಗೆ ಕೈ ಹಾಕಲು ಹೋದನಂತೆ. ಬಿಡಿಸಲು ಬಂದವರನ್ನು ತಳ್ಳಿದನಂತೆ. ಹಾಗಾಗಿ ಇಂಜೆಕ್ಷನ್ ಕೊಟ್ಟು ಕಟ್ಟಿದರು. 'ತಲೆಯೊಳಗೆ ಗರಗಸ ಹಾಕ್ತಾ ಇದ್ದಾರೆ ಅಂತ ಕೂಗ್ತಿದ್ದ' ಎಂದು ಒಬ್ಬರು ಹೇಳಿದರು. ಅದು ಕಾಯಿಲೆಯ ಮಾತು ಎಂದೇ ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಪಕ್ಕ ಕೂತು ಕೇಳಿದೆ, 'ಎಲ್ಲಿ ಮಾರಾಯ ಗರಗಸ?' ಅವನು ಒಂದು ಕೈ ಮಾತ್ರ ತೆಗೆದು ಮೇಲೆ ತೋರಿಸಿದ. ಸರಿಯಾಗಿ ಅವನ ತಲೆಯ ಮೇಲೆ ಒಂದು ಹಳೇ ಫ್ಯಾನ್. ಪ್ರತಿ ಸುತ್ತಿಗೂ ಕಿರ್ರ್ ಅನ್ನುತ್ತಿತ್ತು. ಒಳಗೆ ಬಂದು ಹತ್ತು ನಿಮಿಷ ಆದರೂ ನನಗೆ ಆ ಸದ್ದು ಕಿವಿಗೆ ಬಿದ್ದಿರಲಿಲ್ಲ. ಅವನು ತೋರಿಸಿದ ಮೇಲೆ ಬೇರೆ ಏನೂ ಕೇಳಿಸಲಿಲ್ಲ.

ಮಂಚ ಆ ಮೂಲೆಯಿಂದ ಈ ಮೂಲೆಗೆ ಬಂತು. ಆ ರಾತ್ರಿ ಅವನು ನಿದ್ದೆ ಮಾಡಿದ.

ಅವನಿಗೆ ಇಲ್ಲದ ದನಿಗಳು ಕೇಳುವುದೂ ನಿಜ, ಸಚಿವರೇ. ಫ್ಯಾನ್ ಕಿರುಗುಟ್ಟುತ್ತಿದ್ದದ್ದೂ ನಿಜ. ಔಷಧಿ ಬೇಕೇ ಬೇಕು, ಅದರಲ್ಲಿ ನನಗೆ ಸಂಶಯ ಇಲ್ಲ. ರಾತ್ರಿ ಪಾಳಿಯಲ್ಲಿ ಇದ್ದ ಇಬ್ಬರೇ ಇಬ್ಬರು ಹೆದರಿದ್ದೂ ತಪ್ಪಲ್ಲ. ಫ್ಯಾನಿಗೆ ಕೈ ಹಾಕುವವನನ್ನು ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ನನ್ನ ಸಂಕಟ ಒಂದೇ. 'ನಿನ್ನ ಕಿವಿಗೆ ಏನಾಗ್ತಾ ಇದೆ' ಎಂದು ಕೇಳುವುದೇ ಕೆಲಸವಾಗಿರುವ ಒಬ್ಬರು ಆ ವಾರ್ಡಿನಲ್ಲಿ ಇರಲಿಲ್ಲ.

ಹಾಗೆ ಕೇಳುವವರನ್ನು ಆಕ್ಯುಪೇಶನಲ್ ಥೆರಪಿಸ್ಟ್, ಚಿಕ್ಕದಾಗಿ ಓಟಿ, ಎನ್ನುತ್ತಾರೆ. ಕಾಯಿಲೆ ಇದ್ದವರು ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳುವಂತೆ ನೆರವಾಗುವವರು ಇವರು. ಓಟಿ ಎಂದರೆ ನಮ್ಮೂರಲ್ಲಿ ಆಪರೇಷನ್ ಥಿಯೇಟರ್ ಎಂದೇ ಅರ್ಥ. ಅಷ್ಟು ಕಡಿಮೆ ಪರಿಚಯ ನಮಗೆ ಇವರದು. ಅವರ ಸಂಘ 1952ರಿಂದ ಈ ದೇಶದಲ್ಲಿದೆ. ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕೇಂದ್ರ ಕಾಯ್ದೆಯಲ್ಲಿ ಅವರ ವೃತ್ತಿಗೆ ಜಾಗ ಸಿಕ್ಕಿದೆ. ಆದರೂ ಬಾಸ್ಕೆಟ್ ಹೆಣೆಸುವುದು, ಮೇಣದ ಬತ್ತಿ ಮಾಡಿಸುವುದು, ಇಷ್ಟೇ ಅವರ ಕೆಲಸ ಎಂದು ತುಂಬಾ ಜನ ತಿಳಿದಿದ್ದಾರೆ.

ಇಂದ್ರಿಯಗಳ ಕಡೆಯಿಂದ ನೋಡುವ ಈ ವಿದ್ಯೆಯ ಒಂದು ಬೇರು ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಜೀನ್ ಏರ್ಸ್ ಅವರದು. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿಯನ್ನು ಮಿದುಳು ಹೇಗೆ ಜೋಡಿಸಿಕೊಳ್ಳುತ್ತದೆ ಎಂದು ಮಕ್ಕಳಲ್ಲಿ ನೋಡಿದವರು ಅವರು. ಆಮೇಲೆ ವಿನಿ ಡನ್ ಎಂಬವರು ಇನ್ನೊಂದು ಮಾತು ಸೇರಿಸಿದರು. ಒಬ್ಬೊಬ್ಬರ ಹೊಸ್ತಿಲು ಒಂದೊಂದು ಎತ್ತರ. ಕೆಲವರಿಗೆ ಸಣ್ಣ ಸದ್ದೂ ಒಳಗೆ ನುಗ್ಗಿಬಿಡುತ್ತದೆ. ಇನ್ನು ಕೆಲವರಿಗೆ ಜೋರಾಗಿ ತಟ್ಟಿದರೂ ಒಳಗೆ ತಲುಪುವುದಿಲ್ಲ. ಸ್ಕಿಝೋಫ್ರೇನಿಯಾ ಇರುವ ಹಲವರಲ್ಲಿ, ಮತ್ತೆ ಮತ್ತೆ ಬರುವ ಸದ್ದನ್ನು ಸೋಸಿ ಬದಿಗಿಡುವ ಶಕ್ತಿ ಮಿದುಳಿಗೆ ಕಡಿಮೆ ಇರುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡ ಸಂಗತಿ. ನನ್ನ ಕಿವಿ ಫ್ಯಾನಿನ ಸದ್ದನ್ನು ಬದಿಗಿಟ್ಟಿತ್ತು. ಅವನ ಕಿವಿಗೆ ಅದು ಆಗಲಿಲ್ಲ, ಅಷ್ಟೇ.

ಬೀಗ ಹಾಕಿದ ವಾರ್ಡಿನಲ್ಲಿ ಇದು ಇನ್ನೂ ಕಷ್ಟ. ಹೊರಗಿದ್ದರೆ ಸದ್ದು ಜಾಸ್ತಿಯಾದಾಗ ಎದ್ದು ಅಂಗಳಕ್ಕೆ ಹೋಗಬಹುದು, ಬಾವಿಕಟ್ಟೆಯಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳಬಹುದು. ಒಳಗಿದ್ದವರು ಎಲ್ಲಿಗೆ ಹೋಗಬೇಕು? ಇಡೀ ರಾತ್ರಿ ಉರಿಯುವ ಟ್ಯೂಬ್‌ಲೈಟ್, ಫಿನಾಯಿಲ್ ವಾಸನೆ, ಸ್ಟೀಲ್ ತಟ್ಟೆಗಳ ಠಣ ಠಣ, ಕಬ್ಬಿಣದ ಬಾಗಿಲಿನ ಬಡಿತ. ಕೆಲವು ಔಷಧಿಗಳಿಂದ ಕಾಲು ನಿಲ್ಲದ ಹಾಗೆ ಒಳಗೊಳಗೆ ಚಡಪಡಿಕೆಯೂ ಬರುತ್ತದೆ. ಅದನ್ನು ಡಾಕ್ಟರೇ ನೋಡಬೇಕು. ಇಷ್ಟೆಲ್ಲ ಸೇರಿ ಒಬ್ಬ ಮನುಷ್ಯ ಸಿಡಿದರೆ, ಅವನ ಫೈಲಿನಲ್ಲಿ 'ಹಿಂಸಾತ್ಮಕ' ಎಂದು ಒಂದೇ ಶಬ್ದ ಬೀಳುತ್ತದೆ.

ಎರಡು ವರ್ಷ ಕಳೆದು ಬೇರೆ ಒಂದು ಆಸ್ಪತ್ರೆಯಲ್ಲಿ ನಮಗೆ ಒಬ್ಬ ಹುಡುಗಿ ಸಿಕ್ಕಿದಳು. ಆಕ್ಯುಪೇಶನಲ್ ಥೆರಪಿ ಕಲಿತು ಆಗಷ್ಟೇ ಕೆಲಸಕ್ಕೆ ಸೇರಿದ್ದಳು, ಕನ್ನಡ ಬಲ್ಲವಳು. ಅವಳ ಹತ್ತಿರ 60 ಪ್ರಶ್ನೆಗಳ ಒಂದು ಪಟ್ಟಿ ಇತ್ತು. ದೊಡ್ಡವರಿಗೆಂದೇ ಮಾಡಿದ್ದು, ಅದೂ ಅಮೆರಿಕದಿಂದ ಬಂದದ್ದು. ಅದನ್ನು ಅವಳು ನಮ್ಮ ಮಾತಿಗೆ ತಿರುಗಿಸಿ ಕೇಳಿದಳು. ಹಿಂದಿನಿಂದ ಯಾರಾದರೂ ಮುಟ್ಟಿದರೆ ಏನನ್ನಿಸುತ್ತದೆ? ಜಾತ್ರೆಯಲ್ಲಿ ಎಲ್ಲಿ ನಿಲ್ಲುತ್ತೀರಿ? ಒದ್ದೆ ಬಟ್ಟೆ ಮೈಗೆ ತಾಗಿದರೆ? ತಮ್ಮ ಎರಡು ಸಲಕ್ಕೆ ಕೂತು ಎಲ್ಲದಕ್ಕೂ ಉತ್ತರ ಹೇಳಿದ. ಅಷ್ಟು ಮಾತು ಅವನು ವರ್ಷದಲ್ಲಿ ನನ್ನ ಹತ್ತಿರ ಆಡಿರಲಿಲ್ಲ.

ಆಮೇಲೆ ಅವಳು ಒಂದೊಂದನ್ನೇ ಮುಂದೆ ಇಟ್ಟಳು. ಅಕ್ಕಿ ತುಂಬಿ ಹೊಲಿದ ದಪ್ಪ ದಿಂಬು. ಲಾವಂಚದ ಬೇರಿನ ಒಂದು ಕಟ್ಟು. ಲಿಂಬೆ ಸಿಪ್ಪೆ. ಕಲಸಿ, ನಾದದೆ ಬಿಟ್ಟ ಚಪಾತಿ ಹಿಟ್ಟು. ಲಾವಂಚವನ್ನು ಮೂಸಿ ದೂರ ಇಟ್ಟ, ಆಸ್ಪತ್ರೆ ವಾಸನೆ ಅಂದ. ಯಾಕೆ ಹಾಗನ್ನಿಸಿತೋ. ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡ, ಬಿಡಲೇ ಇಲ್ಲ. ಹಿಟ್ಟಿಗೆ ಕೈ ಹಾಕಿದವನು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದ. ಕಿವಿಯ ತನಕ ಏರಿ ಕೂತಿದ್ದ ಭುಜ ಮೆಲ್ಲ ಕೆಳಗೆ ಇಳಿಯಿತು. ಎಷ್ಟೋ ತಿಂಗಳಿಂದ ಆ ಭುಜ ಹಾಗೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಂಡೆ.

ಸ್ನಾಯು, ಕೀಲುಗಳಿಗೆ ಭಾರ ಬಿದ್ದಾಗ ತುಂಬಾ ಜನರಿಗೆ ಮೈ ಶಾಂತವಾಗುತ್ತದೆ ಎಂದು ಅವಳು ವಿವರಿಸಿದಳು. ಗೋಡೆ ತಳ್ಳುವುದು, ನೀರು ಸೇದುವುದು, ಭಾರದ ಕಂಬಳಿ ಹೊದೆಯುವುದು, ಎಲ್ಲ ಒಂದೇ ಜಾತಿ. ನಿಧಾನಕ್ಕೆ ತೂಗುವುದೂ ಹಾಗೆಯೇ. ತೊಟ್ಟಿಲು ತೂಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ? ಮಂಕು ಹಿಡಿದು ಕೂತವರಿಗೆ ಮಾತ್ರ ಇದರ ತದ್ವಿರುದ್ಧ ಬೇಕು: ಖಾರ, ತಣ್ಣೀರು, ಚುರುಕು ನಡಿಗೆ.

ಕೊನೆಗೆ ಇಬ್ಬರೂ ಸೇರಿ ಒಂದು ಚೀಟಿ ಬರೆದರು. ಅವನದೇ ಅಕ್ಷರ. 'ಮೊದಲು ಕಿವಿ ಬಿಸಿ ಆಗ್ತದೆ. ಆಗ ಗೋಡೆ ತಳ್ಳಬೇಕು. ಪುನರ್ಪುಳಿ ಓಡು ಬಾಯಿಗೆ ಹಾಕಬೇಕು. ಅಕ್ಕನಿಗೆ ಹೇಳಬೇಕು. ಹಿಂದಿನಿಂದ ಮುಟ್ಟಬೇಡಿ.' ಈಗಲೂ ಅಂಗಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾನೆ. ಮಡಿಕೆ ಹರಿದು ಎರಡು ಸಲ ಅಂಟಿಸಿದ್ದೇವೆ.

ಬೀಗದ ವಾರ್ಡಿನಲ್ಲಿ, ಕೋರ್ಟಿನಿಂದ ಬಂದವರನ್ನು ಇಡುವ ಫೊರೆನ್ಸಿಕ್ ವಾರ್ಡಿನಲ್ಲಿ ಇದೆಲ್ಲ ಆಗುವ ಮಾತಾ ಎಂದು ಅಧಿಕಾರಿಗಳು ಕೇಳಬಹುದು. ಆಗುತ್ತದೆ. ಹೊರದೇಶಗಳ ಅಂಥ ವಾರ್ಡುಗಳಲ್ಲಿ ಮಾಡುತ್ತಿದ್ದಾರೆ. ಹಗ್ಗ, ದಾರ, ಗಾಜು ಇರಬಾರದು. ಎತ್ತಿ ಎಸೆಯುವ ಭಾರದ ಸಾಮಾನು ಇರಬಾರದು. ಕೊಟ್ಟದ್ದನ್ನು ಎಣಿಸಿ ಕೊಡಬೇಕು, ಎಣಿಸಿ ವಾಪಸ್ ತಗೊಳ್ಳಬೇಕು. ಭಾರದ ಕಂಬಳಿಯನ್ನು ಹೊದ್ದವರೇ ತಾವಾಗಿ ತೆಗೆಯುವಂತಿರಬೇಕು, ಉಸಿರಾಟದ ತೊಂದರೆ ಇದ್ದವರಿಗೆ ಕೊಡಬಾರದು. ಪೆಟ್ಟು ತಿಂದು ಬೆಳೆದವರಿಗೆ ಕತ್ತಲೆ, ಮೈಮೇಲಿನ ಭಾರವೇ ಹೆದರಿಕೆ ತರಬಹುದು. ಹಾಗಾಗಿ ಸುಮ್ನೆ ನಾಲ್ಕು ಸಾಮಾನು ತಂದು ಇಟ್ಟರೆ ಆಗಲಿಲ್ಲ, ತಿಳಿದವರು ಬೇಕು. ಇದರಿಂದ ಕಟ್ಟುವುದು ಎಲ್ಲ ಕಡೆಯೂ ಕಡಿಮೆಯಾಗಿದೆ ಎಂದೂ ನಾನು ಹೇಳುವುದಿಲ್ಲ, ಫಲ ಒಂದೊಂದು ಕಡೆ ಒಂದೊಂದು ಥರ. ಸಂಕಟ ಇಳಿಯುತ್ತದೆ ಎಂದು ರೋಗಿಗಳೇ ಹೇಳಿದ್ದು ಮಾತ್ರ ಮತ್ತೆ ಮತ್ತೆ ಕಾಣುತ್ತದೆ. ನನಗೆ ಅಷ್ಟು ಸಾಕು.

ಕಾನೂನು ನಮ್ಮ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಪ್ರಕಾರ, ಯಾರನ್ನೂ ಒಂಟಿಯಾಗಿ ಕೂಡಿ ಹಾಕುವಂತಿಲ್ಲ. ಅವರಿಗೋ ಬೇರೆಯವರಿಗೋ ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ ಕಟ್ಟಬಹುದು. ಶಿಕ್ಷೆಗಾಗಿ ಕಟ್ಟಬಾರದು. ಜನ ಕಡಿಮೆ ಎಂಬ ಕಾರಣಕ್ಕೂ ಕಟ್ಟಬಾರದು. 'ಬೇರೆ ದಾರಿಯೇ ಇಲ್ಲದಾಗ' ಎಂಬ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಬೇರೆ ದಾರಿಯನ್ನೇ ವಾರ್ಡಿನಲ್ಲಿ ಇಡದೆ, ದಾರಿ ಇರಲಿಲ್ಲ ಎಂದು ಬರೆದುಕೊಳ್ಳುವುದು ಸರಿಯಾ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಮನೆಗೆ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿಯಿಂದ ಬಿಡಿಸಿಕೊಂಡು ಓಡಲು ಅವರಿಂದ ಆಗಲಿಲ್ಲ. ಕಟ್ಟುವುದು ಎಂದಾಗ ನನಗೆ ಅದು ನೆನಪಾಗುತ್ತದೆ.

ಈಗ ನಮ್ಮ ಜಿಲ್ಲೆಯ ಮಾತು. ಸರ್ಕಾರದ ಮೂರು ಮಾನಸಿಕ ಆರೋಗ್ಯ ಕೇಂದ್ರಗಳು ತಿರುವನಂತಪುರ, ತ್ರಿಶೂರು, ಕಲ್ಲಿಕೋಟೆಯಲ್ಲಿವೆ. ನಮಗೆ ಹತ್ತಿರದ್ದು ಎಂದರೆ 1872ರಲ್ಲಿ ಶುರುವಾದ ಕಲ್ಲಿಕೋಟೆಯ ಕುದಿರವಟ್ಟಂ. ಹತ್ತಿರ ಎನ್ನುವುದು ಮಾತಿಗೆ, ಮನೆಯಿಂದ ಹೊರಟು ತಲುಪುವಾಗ ಅರ್ಧ ದಿನ ಹೋಗುತ್ತದೆ. ಹಾಗಾಗಿ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯವರು ಮಂಗಳೂರಿಗೆ ಓಡುತ್ತೇವೆ. 2020ರಲ್ಲಿ ಕೊರೊನಾ ಕಾಲಕ್ಕೆ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಾತ್ರೆ ಮುಗಿಯುತ್ತಾ ಬಂದ ಡಬ್ಬಿಯನ್ನು ದಿನಕ್ಕೆ ನಾಲ್ಕು ಸಲ ತೆರೆದು ಎಣಿಸಿದ ಮನೆ ನಮ್ಮದು.

ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದಾಗ ನಾವೆಲ್ಲ ಹೋಗಿದ್ದೆವು. ಅಲ್ಲಿ ಮಾನಸಿಕ ಚಿಕಿತ್ಸೆಯ ವಾರ್ಡಿನ ನಕ್ಷೆ ಮೇಜಿನ ಮೇಲೆ ಬಂದ ದಿನ, ಅದರಲ್ಲಿ ಒಂದು ಸಣ್ಣ ಕೋಣೆ ಬರೆಸಿ. ಮಂದ ಬೆಳಕು, ಸದ್ದು ಹೀರುವ ಗೋಡೆ, ತೂಗುವ ಕುರ್ಚಿ, ಅಂಗಳ ಕಾಣುವ ಕಿಟಕಿ. ಆ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಇರಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಚಿಲಕ ಇದ್ದರೆ ಒಂದಲ್ಲ ಒಂದು ದಿನ ಯಾರೋ ಹಾಕಿಯೇ ಹಾಕುತ್ತಾರೆ. ಆಗ ಅದು ಕೂಡಿ ಹಾಕುವ ಕೋಣೆಯೇ ಆಗಿಬಿಡುತ್ತದೆ. ರೋಗಿ ತಾನಾಗಿ ಒಳಗೆ ಹೋಗಬೇಕು, ತಾನಾಗಿ ಹೊರಗೆ ಬರಬೇಕು.

ಕೋಣೆಗಿಂತ ಮೊದಲು ಒಂದು ಹುದ್ದೆ ಕೊಡಿ. ಕನ್ನಡ, ತುಳು ತಿಳಿದ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರು ಈ ಜಿಲ್ಲೆಗೆ ಬೇಕು. ಕುದಿರವಟ್ಟಂನಂಥ ದೊಡ್ಡ ಕೇಂದ್ರಗಳ ಬೀಗದ ವಾರ್ಡುಗಳಿಗೂ ಈ ಕೆಲಸಕ್ಕೆಂದೇ ಜನ ಬೇಕು, ನಮ್ಮವರು ಅಲ್ಲಿಗೂ ಹೋಗುತ್ತಾರೆ. ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ತಮ್ಮ ಕೂಗಿದ ಗರಗಸ ಯಾವುದು ಎಂದು ತಿಳಿಯಲು ಗರಗಸ ಎಂಬ ಶಬ್ದ ಗೊತ್ತಿದ್ದರೆ ಸಾಲದು, ಎಲ್ಲಿ ಎಂದು ಕೇಳುವಷ್ಟು ಭಾಷೆ ಬೇಕು, ಪುರುಸೊತ್ತೂ ಬೇಕು.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಗೊತ್ತಿದೆ. ಅಲ್ಲಿಯ ತನಕ ಒಂದು ಆದೇಶ ಹೊರಡಿಸಿ. ಬೀಗ ಇರುವ ಪ್ರತಿ ವಾರ್ಡಿನಲ್ಲಿ ಹಗಲು ಒಂದು ಸಲ, ರಾತ್ರಿ ಒಂದು ಸಲ ಯಾರಾದರೂ ಐದು ನಿಮಿಷ ಕಣ್ಣು ಮುಚ್ಚಿ ಮಂಚದ ಮೇಲೆ ಕೂತು ಸದ್ದು ಕೇಳಲಿ. ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಬೀಳಲಿ. ಬಡಿಯುವ ಬಾಗಿಲಿಗೆ ರಬ್ಬರ್ ಬೀಳಲಿ.

ಉತ್ತರವನ್ನು ಕನ್ನಡದಲ್ಲಿ ಕಳಿಸಿ. ಈ ಪತ್ರವನ್ನು ತಮ್ಮನಿಗೆ ಓದಿ ಹೇಳಿ, ಒಪ್ಪಿಗೆ ಕೇಳಿಯೇ ಕಳಿಸುತ್ತಿದ್ದೇನೆ. ಉತ್ತರ ಬಂದರೆ ತಾನೇ ಓದುತ್ತೇನೆ ಎಂದಿದ್ದಾನೆ.

ಇಂತಿ,
ಬದಿಯಡ್ಕದ ಕಡೆಯ ಒಬ್ಬ ಅಕ್ಕ