ಎಲ್ಲದಕ್ಕೂ ಟಿಕೆಟ್ ಕೇಳಬೇಡ ಅಂದಿದ್ದೆ ನೀನು

ಗುರು,

ಹೇಗಿದ್ದೀಯ? ಮ್ಯೂನಿಕ್‌ನಲ್ಲಿ ಇನ್ನೂ ಸ್ವೆಟರ್ ಬಿಚ್ಚಿಲ್ಲ ಅಂತ ನಿನ್ನ ಫೋಟೋ ನೋಡಿದರೇ ಗೊತ್ತಾಗುತ್ತದೆ. ಇಲ್ಲಿ ಆಗಲೇ ಸೆಕೆ. ಮೊನ್ನೆ ಗಾಂಧಿ ಬಜಾರಿನಲ್ಲಿ ಓನರ್ ಆಂಟಿ ಸಿಕ್ಕಿದ್ದರು. ಮೊದಲು ನಿನ್ನನ್ನು ವಿಚಾರಿಸಿದರು, ಆಮೇಲೆ ಮೋಟಾರನ್ನು. ನಾನು ಅವರ ಸೊಪ್ಪಿನ ಚೀಲ ಹಿಡಿದುಕೊಂಡು ಆಟೋ ಹತ್ತಿಸಿದೆ, ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಆದರೂ ಅವರ ಅನುಮಾನ ಹೋಗಿಲ್ಲ ಕಣೋ.

ಈ ಪತ್ರ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ 2009ರಲ್ಲಿ ಒಂದು ಟೀವಿ ಧಾರಾವಾಹಿಯ ಕೊನೆಯ ಕಂತಿಗೋಸ್ಕರ ನಾನು ನಿನ್ನ ಮೇಲೆ ಕೂಗಾಡಿದ್ದು ಎಂಟು ಜನರ ಎದುರು. ನಿನ್ನನ್ನು ಮೂಢ ಅಂದಿದ್ದೂ ಅವರ ಎದುರೇ. ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದೂ ಎಲ್ಲರ ಎದುರೇ ಆಗಲಿ. ಆ ಎಂಟರಲ್ಲಿ ಐದಾರು ಜನ ಇದನ್ನು ಓದುತ್ತಾರೆ ಅಂತ ಗೊತ್ತು.

ವಿಷಯ ಇಷ್ಟೇ. ಆ ಧಾರಾವಾಹಿ, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ, ಮತ್ತೆ ನೋಡಿದೆ. ಪೂರ್ತಿ. 2003ರ ಮಿನಿ ಸೀರೀಸ್‌ನಿಂದ ಹಿಡಿದು 2009ರ ಮಾರ್ಚ್ 20ಕ್ಕೆ ಬಂದ ಕೊನೆಯ ಕಂತಿನ ತನಕ. ಅಪ್ಪನ ತಿಥಿ ಆದ ಮೇಲೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಅಮ್ಮ ಒಳಗೆ ಮಲಗಿರುತ್ತಿದ್ದರು, ನಾನು ಇಯರ್‌ಫೋನ್ ಹಾಕಿಕೊಂಡು ಅಡುಗೆಮನೆ ಬಾಗಿಲಿಗೆ ಒರಗಿ ಕೂತು ನೋಡಿದೆ.

ನೋಡದೇ ಇರುವವರಿಗೆ ಎರಡು ಮಾತು. ಮನುಷ್ಯರೇ ಮಾಡಿದ ಯಂತ್ರಗಳು, ಸೈಲಾನ್‌ಗಳು, ತಿರುಗಿಬಿದ್ದು ಹನ್ನೆರಡು ಗ್ರಹಗಳನ್ನು ಸುಟ್ಟುಬಿಡುತ್ತವೆ. ಅವುಗಳಲ್ಲಿ ಕೆಲವು ಮಾದರಿಗಳು ನೋಡಲು ಥೇಟ್ ಮನುಷ್ಯರೇ. ಉಳಿಯುವುದು ಸುಮಾರು 50,000 ಜನ. ಗುಜರಿಗೆ ಹಾಕಬೇಕಿದ್ದ ಒಂದು ಯುದ್ಧನೌಕೆ, ಅದರ ಹಿಂದೆ ಒಂದಷ್ಟು ಹಡಗು, ಭೂಮಿ ಅನ್ನುವ ಜಾಗ ಹುಡುಕಿಕೊಂಡು ಓಟ. 1978ರಲ್ಲಿ ಗ್ಲೆನ್ ಲಾರ್ಸನ್ ಮಾಡಿದ್ದ ಧಾರಾವಾಹಿಯನ್ನು ರೊನಾಲ್ಡ್ ಮೂರ್ ಹೊಸದಾಗಿ ಕಟ್ಟಿದ್ದು ಇದು. ಲಾರ್ಸನ್ ಮಾರ್ಮನ್ ಪಂಥದವರು. ಕಥೆಯಲ್ಲಿ ಬರುವ ಮೂಲ ಗ್ರಹ ಕೋಬೋಲ್, ಆ ಪಂಥದ ಗ್ರಂಥದಲ್ಲಿ ಬರುವ ನಕ್ಷತ್ರ ಕೋಲೋಬ್. ಅಂದರೆ ತಳಪಾಯದಲ್ಲೇ ದೇವರು ಕೂತಿದ್ದ. ಮೂರ್ ಕೈಗೆ ಬಂದ ಮೇಲೆ ಅದು ಇನ್ನೂ ಜಾಸ್ತಿ ಆಯಿತು. ಮನುಷ್ಯರಿಗೆ ಹತ್ತಾರು ಗ್ರೀಕ್ ದೇವರು, ಜೀಯಸ್, ಅಥೀನಾ, ಅಪೊಲೊ. ಯಂತ್ರಗಳಿಗೆ ಒಬ್ಬನೇ ದೇವರು. ಅವನು ಪ್ರೀತಿಯ ದೇವರು ಅನ್ನುವವರೇ ಅಷ್ಟೂ ಜನರನ್ನು ಕೊಂದಿರುತ್ತಾರೆ.

ಆ ಹನ್ನೆರಡು ಗ್ರಹಗಳ ಹೆಸರು ಹನ್ನೆರಡು ರಾಶಿ ಅಂತ ಮೊದಲು ಕಂಡುಹಿಡಿದವನು ನೀನು. ಕ್ಯಾಪ್ರಿಕಾ ಮಕರ, ಅಕ್ವೇರಿಯಾ ಕುಂಭ. ಟೈಟಲ್ ಮ್ಯೂಸಿಕ್‌ನಲ್ಲಿ ಇರುವುದು ಗಾಯತ್ರಿ ಮಂತ್ರ ಅಂತ ಹೇಳಿದವನೂ ನೀನೇ. ನಾನು ನಂಬಿರಲಿಲ್ಲ. ನಮ್ಮ ಮನೆಯಲ್ಲಿ ಆ ಮಂತ್ರ ಹೇಳುವವರು ಯಾರೂ ಇರಲಿಲ್ಲ, ಪಕ್ಕದ ಮನೆಯ ಟೇಪ್ ರೆಕಾರ್ಡರಿನಲ್ಲಿ ಕೇಳಿದ್ದಷ್ಟೇ. ರಿಚರ್ಡ್ ಗಿಬ್ಸ್ ಅದನ್ನು ಎಳೆದು, ಎಷ್ಟು ನಿಧಾನ ಮಾಡಿದ್ದರು ಅಂದರೆ, ‘ಭರ್ಗೋ ದೇವಸ್ಯ’ ಬರುವ ತನಕ ಯಾವ ಭಾಷೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಅಪ್ಪ ನಮ್ಮ ರೂಮಿಗೆ ಬಂದಿದ್ದ ಭಾನುವಾರ ನೆನಪಿದೆಯಾ? ಡ್ಯೂಟಿ ಮುಗಿಸಿ ಖಾಕಿ ಶರ್ಟಿನಲ್ಲೇ ಬಂದಿದ್ದರು. ಒಂದು ಹೆಗಲಿಗೆ ಕಂಡಕ್ಟರ್ ಚೀಲ, ಇನ್ನೊಂದು ಕೈಯಲ್ಲಿ ಅಮ್ಮ ಕೊಟ್ಟ ಕ್ಯಾರಿಯರ್. ನಾವು ನೋಡುತ್ತಿದ್ದದ್ದು ‘33’ ಅನ್ನುವ ಕಂತು. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್‌ಗಳು ಬರುತ್ತಾರೆ, ಪ್ರತಿ ಸಲ ಎಲ್ಲ ಹಡಗುಗಳೂ ಜಿಗಿದು ತಪ್ಪಿಸಿಕೊಳ್ಳಬೇಕು, ಐದು ದಿನದಿಂದ ಯಾರಿಗೂ ನಿದ್ದೆ ಇಲ್ಲ. ಅಧ್ಯಕ್ಷೆ ರೋಸ್ಲಿನ್ ಬಿಳಿ ಬೋರ್ಡಿನ ಮೇಲೆ ಬದುಕಿರುವವರ ಲೆಕ್ಕ ಬರೆಯುತ್ತಾಳೆ, ಒರೆಸುತ್ತಾಳೆ, ಕಮ್ಮಿ ಮಾಡಿ ಬರೆಯುತ್ತಾಳೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಚಾಪೆಯ ಮೇಲೆ ಕೂತು ಕೊನೆಯ ತನಕ ನೋಡಿದರು. ಕೊನೆಗೆ ಒಂದು ಹಡಗಿನಲ್ಲಿ ಮಗು ಹುಟ್ಟಿತು ಅಂತ ಸುದ್ದಿ ಬಂದಾಗ, ಆಕೆ ಎದ್ದು ಹೋಗಿ ಆ ಲೆಕ್ಕಕ್ಕೆ ಒಂದು ಸೇರಿಸುತ್ತಾಳಲ್ಲ, ಆಗ ಅಪ್ಪ ಅಂದರು: ‘ಈಯಮ್ಮ ಒಳ್ಳೆ ಕಂಡಕ್ಟರ್ ಕಣ್ರಪ್ಪ. ಪ್ರತಿ ಸ್ಟಾಪಲ್ಲೂ ತಲೆ ಎಣಿಸ್ತಾಳೆ.’ ನೀನು ನಕ್ಕ ನಗುವಿಗೆ ಸಾರೆಲ್ಲ ಕೀಬೋರ್ಡಿನ ಮೇಲೆ.

ಜಗಳದ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಹನ್ನೊಂದು ತಪ್ಪುಗಳ ಪಟ್ಟಿ ಇತ್ತು, ಸ್ಪ್ರಿಂಗ್ ನೋಟ್‌ಬುಕ್ಕಿನಲ್ಲಿ. ಮೊದಲನೆಯದು ಪೈಲಟ್ ಸ್ಟಾರ್‌ಬಕ್. ಮೂರನೇ ಸೀಸನ್ನಿನಲ್ಲಿ ಅವಳ ವಿಮಾನ ಸಿಡಿದು ಹೋಗುತ್ತದೆ. ಸೀಸನ್ ಮುಗಿಯುವಾಗ ಹೊಚ್ಚ ಹೊಸ ವಿಮಾನದಲ್ಲಿ ವಾಪಸ್ ಬರುತ್ತಾಳೆ. ನಾಲ್ಕನೆಯದರಲ್ಲಿ ಅವಳಿಗೆ ಅವಳದೇ ಸುಟ್ಟ ಹೆಣ ಸಿಗುತ್ತದೆ. ಹಾಗಾದರೆ ಇವಳು ಯಾರು? ಕೊನೆಯ ಕಂತಿನಲ್ಲಿ ಉತ್ತರ ಸಿಗುತ್ತದೆ ಅಂತ ಉಸಿರು ಬಿಗಿಹಿಡಿದು ಕೂತಿದ್ದೆ. ಬಯಲಿನಲ್ಲಿ ನಿಂತು ಅವಳ ಜೊತೆಗಾರ ಪೈಲಟ್ ಲೀ ಅವಳಿಗೆ ಏನೋ ಹೇಳುತ್ತಿರುತ್ತಾನೆ, ಬೆಟ್ಟ ಹತ್ತಬೇಕು, ಊರು ಸುತ್ತಬೇಕು ಅಂತ. ಮಾತಾಡುತ್ತಾ ತಿರುಗಿ ನೋಡುತ್ತಾನೆ. ಅವಳಿಲ್ಲ. ಅಷ್ಟೇ. ಬರೀ ಹುಲ್ಲು.

ನಾನು ಇದು ಮೋಸ ಅಂದೆ. ಗಂಟು ಬಿಚ್ಚಲಾಗದೆ ದೇವರ ಮೇಲೆ ಹಾಕಿ ಕೈ ತೊಳೆದುಕೊಂಡರು ಅಂದೆ. ಟೈಟಲ್‌ನಲ್ಲಿ ಸೈಲಾನ್‌ಗಳ ಬಗ್ಗೆ ‘ಅವರ ಹತ್ತಿರ ಒಂದು ಪ್ಲ್ಯಾನ್ ಇದೆ’ ಅಂತ ತೋರಿಸಿದವರ ಹತ್ತಿರ ಪ್ಲ್ಯಾನೇ ಇರಲಿಲ್ಲ ಅಂದೆ. ನೀನು, ಅವಳು ಹೋದಳು, ಅಷ್ಟು ಸಾಕು ಅಂದೆ. ನಾನು ಬಿಡಲಿಲ್ಲ. ಆಗ ಹೇಳಿದೆ ನೋಡು ನೀನು: ‘ಕಂಡಕ್ಟರ್ ಮಗ ಅಂತ ಎಲ್ಲದಕ್ಕೂ ಟಿಕೆಟ್ ಕೇಳಬೇಡ ಮಗಾ.’ ಅಪ್ಪನನ್ನು ಯಾಕೆ ಎಳೆದೆ ಅಂತ ನನಗೆ ರೇಗಿತು. ಮೂರು ತಿಂಗಳು ಮಾತು ಬಿಟ್ಟೆವು.

ಈ ಸಲ ನೋಡುವಾಗ ಆ ಪಟ್ಟಿ ಎದುರಿಗಿತ್ತು. ನೋಟ್‌ಬುಕ್ ಅಟ್ಟದಲ್ಲಿ ಸಿಕ್ಕಿತು. ಕೆಲವನ್ನು ಈಗಲೂ ಬಿಡುವುದಿಲ್ಲ. ಹಡಗಿನ ಮೆಕ್ಯಾನಿಕ್ ಟಿರಾಲ್ ಕೂಡ ಸೈಲಾನ್ ಅಂತ ತೀರ್ಮಾನ ಮಾಡಿದ ಮೇಲೆ ಅವನ ಮಗು ಅರ್ಧ ಸೈಲಾನ್ ಆಗಿಬಿಡುತ್ತದೆ, ಆಗ ಹೇರಾ ಅನ್ನುವ ಹುಡುಗಿ ಒಬ್ಬಳೇ ಅಂಥ ಮಗು ಅಂತ ಕಟ್ಟಿದ್ದ ಕಥೆಯೆಲ್ಲ ಕುಸಿಯುತ್ತದೆ. ಅದಕ್ಕೆ ಆ ಮಗುವಿನ ಅಪ್ಪ ಬೇರೆ, ಒಬ್ಬ ಪೈಲಟ್ ಅಂದುಬಿಟ್ಟರು. ತೇಪೆ. ಸತ್ತುಹೋದ ಅವನ ಹೆಂಡತಿ ಕ್ಯಾಲಿಯ ಮೇಲೆ ಸುಮ್ನೆ ಒಂದು ಕಳಂಕ ಹೊರಿಸಿದ ತೇಪೆ, ಅದಕ್ಕೇ ನನಗೆ ಜಾಸ್ತಿ ಸಿಟ್ಟು. ನಂಬರುಗಳದ್ದೂ ಅದೇ ಕಥೆ. ಮನುಷ್ಯರಂತೆ ಕಾಣುವ ಸೈಲಾನ್‌ಗಳಲ್ಲಿ ಗೊತ್ತಿರುವ ಮಾದರಿ ಏಳು, ಮರೆಯಲ್ಲಿರುವವು ಐದು ಅಂದರು. ಆದರೆ ಆ ಏಳರಲ್ಲಿ ಒಬ್ಬಳಾದ ಶ್ಯಾರನ್‌ಗೆ ಆಗಲೇ ಎಂಟನೇ ನಂಬರ್ ಕೊಟ್ಟಾಗಿತ್ತು. ಆ ಖಾಲಿ ಏಳಕ್ಕೆ ಡೇನಿಯಲ್ ಅಂತ ಒಬ್ಬ ಇದ್ದ, ಅವನನ್ನು ಯಾವತ್ತೋ ನಾಶ ಮಾಡಿದರು ಅಂತ ಬಾಯಿಮಾತಿನಲ್ಲಿ ಮುಗಿಸಿದರು. ಇದು ತಪ್ಪು ಲೆಕ್ಕ, ಒಪ್ಪುತ್ತೀಯಲ್ವಾ?

ಆದರೆ ದೇವರ ವಿಷಯದಲ್ಲಿ ಸೋತಿದ್ದು ನಾನು. ಕೊನೆಯ ಕಂತಿನಲ್ಲಿ ದೇವರನ್ನು ತಂದು ತುರುಕಿದರು ಅಂತ ಕೂಗಾಡಿದ್ದೆ. ಈಗ ನೋಡಿದರೆ ಮೊದಲಿನಿಂದಲೂ ಇದ್ದಾನೆ ಕಣೋ! ಮೊದಲ ಸೀಸನ್ನಿನಲ್ಲೇ ವಿಜ್ಞಾನಿ ಬಾಲ್ಟರ್, ಏನೂ ಗೊತ್ತಿಲ್ಲದೆ, ಶತ್ರುಗಳ ಇಂಧನ ಘಟಕದ ನಕ್ಷೆಯ ಮೇಲೆ ಸುಮ್ನೆ ಒಂದು ಕಡೆ ಬೆರಳಿಡುತ್ತಾನೆ. ಬಾಂಬ್ ಹಾಕಿದರೆ ಅದೇ ಸರಿಯಾದ ಜಾಗ. ಕಂತಿನ ಹೆಸರೇ ‘ದೇವರ ಕೈ’. ಅವನಿಗೆ ಮಾತ್ರ ಕಾಣುವ ಆ ಹೆಂಗಸು ತಲೆಯೊಳಗಿನ ಚಿಪ್ ಇರಬೇಕು ಅಂತ ನಾವು ಬೆಟ್ ಕಟ್ಟಿದ್ದೆವು. ಎರಡನೇ ಸೀಸನ್ನಿನಲ್ಲಿ ಅವನೇ ಹೋಗಿ ಸ್ಕ್ಯಾನ್ ಮಾಡಿಸುತ್ತಾನೆ. ಏನೂ ಇಲ್ಲ, ತಲೆ ಸರಿಯಾಗಿದೆ ಅಂತಾರೆ. ಚಿಪ್ ಅಲ್ಲ ಅಂತ ಅವತ್ತೇ ಹೇಳಿಬಿಟ್ಟಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ಚಿಪ್ ಬೇಕಿತ್ತು.

ಸ್ಟಾರ್‌ಬಕ್ ವಿಷಯ ಬರೆಯಬೇಕು ಅಂತ ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಅಪ್ಪನ ಲೆಕ್ಕ ನಿನಗೆ ಗೊತ್ತಲ್ಲ. ಟಿಕೆಟ್ ಲೆಕ್ಕದ ವೇ ಬಿಲ್ಲಿಗೂ ಚೀಲದ ದುಡ್ಡಿಗೂ ಎರಡು ರೂಪಾಯಿ ವ್ಯತ್ಯಾಸ ಬಂದರೆ ಊಟಕ್ಕೆ ಏಳುತ್ತಿರಲಿಲ್ಲ. ಆದರೆ ವರ್ಷಕ್ಕೊಂದು ರಾತ್ರಿ, ಚೈತ್ರ ಹುಣ್ಣಿಮೆಗೆ, ರಜೆ ಹಾಕಿ ತಿಗಳರಪೇಟೆಗೆ ಹೋಗಿ ನಿಲ್ಲುತ್ತಿದ್ದರು. ಧರ್ಮರಾಯನ ಗುಡಿಯಿಂದ ಕರಗ ಹೊರಡುವುದನ್ನು ನೋಡಲು. ಚಿಕ್ಕವನಿದ್ದಾಗ ನಾನು ಅವರ ಹೆಗಲ ಮೇಲೆ. ಆ ಕಥೆ ಹೇಳುತ್ತಿದ್ದರು. ಸ್ವರ್ಗಕ್ಕೆ ಹೋಗುವ ದಾರಿಯಲ್ಲಿ ದ್ರೌಪದಿ ಬಿದ್ದಳು. ಪಾಂಡವರು ನಿಲ್ಲದೆ ಮುಂದೆ ಹೋದರು. ಅವಳಿಗೆ ಎಚ್ಚರವಾದಾಗ ಎದುರಿಗೆ ತಿಮಿರಾಸುರ. ಅವಳು ಶಕ್ತಿಯಾಗಿ ನಿಂತು ವೀರಕುಮಾರರನ್ನು ಹುಟ್ಟಿಸಿ, ಅವನನ್ನು ಕೊಂದಳು. ಆಮೇಲೆ ಹೊರಟಳು. ಮಕ್ಕಳು ಬಿಡಲಿಲ್ಲ. ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟಳು.

ಸೀರೆ ಉಟ್ಟು ಬಳೆ ತೊಟ್ಟ ಗಂಡಸು, ತಲೆಯ ಮೇಲೆ ಮಲ್ಲಿಗೆ ಮುಚ್ಚಿದ ಕರಗ, ಕೈಯಲ್ಲಿ ಮುಟ್ಟದೆ, ನಮ್ಮ ಮುಂದೆ ಓಡಿ ಹೋಗುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಅಲ್ಲಿಂದ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗುತ್ತದೆ. ಯಾಕೆ, ಹೇಗೆ, ಅವಳು ಬಿದ್ದಿದ್ದು ಸತ್ತಿದ್ದಾ ಮೂರ್ಛೆಯಾ, ವಾಪಸ್ ಬಂದವಳು ಅದೇ ದ್ರೌಪದಿಯಾ? ಒಂದು ಸಲವೂ ಕೇಳಿಲ್ಲ ನಾನು. ಎರಡು ರೂಪಾಯಿ ಹುಡುಕುತ್ತಾ ಕೂರುವ ಅಪ್ಪನೂ ಕೇಳಿರಲಿಲ್ಲ. ಗೋವಿಂದಾ ಅಂತ ಕೂಗಿ ಕೈ ಮುಗಿಯುತ್ತಿದ್ದರು, ಅವರ ಕತ್ತಿನ ಬೆವರು ನನ್ನ ಕಾಲಿಗೆ ಅಂಟುತ್ತಿತ್ತು. ಬಿದ್ದು, ಎದ್ದು ಬಂದು, ಜನರನ್ನು ಕಾಪಾಡಿ ಹೊರಟುಹೋದವಳ ಕಥೆ ಹೆಗಲ ಮೇಲೆ ಕೂತು ಕೇಳಿದ್ದವನು, ಅದೇ ಕಥೆ ಟೀವಿಯಲ್ಲಿ ಬಂದಾಗ ರಸೀದಿ ಕೇಳಿದೆ.

ಮಾರ್ಚ್ ಮೊದಲ ವಾರ ಆಸ್ಪತ್ರೆಯಲ್ಲಿ ಅಪ್ಪ ಕೇಳಿದರು: ‘ಕರಗದ ಹೊತ್ತಿಗೆ ಮನೆಗೆ ಬಿಡ್ತಾರೇನೋ?’ ಹಿಂದಿನ ದಿನ ಡಾಕ್ಟರ್ ನನ್ನನ್ನು ಕಾರಿಡಾರಿಗೆ ಕರೆದು ಎಲ್ಲ ಹೇಳಿಯಾಗಿತ್ತು. ನಾನು, ‘ಬಿಡ್ತಾರಪ್ಪಾ, ಡಾಕ್ಟರೇ ಹೇಳಿದ್ರು’ ಅಂದೆ. ಮಿನಿ ಸೀರೀಸಿನ ಕೊನೆಯಲ್ಲಿ ಯುದ್ಧನೌಕೆಯ ಕಮಾಂಡರ್ ಅಡಾಮಾ ಹೆಣಗಳ ಮುಂದೆ ನಿಂತು, ಭೂಮಿ ಎಲ್ಲಿದೆ ಅಂತ ನನಗೆ ಗೊತ್ತು ಅನ್ನುತ್ತಾನಲ್ಲ, ಹಾಗೆ. ಅವನಿಗೆ ಗೊತ್ತಿರಲಿಲ್ಲ. ಅದು ರೋಸ್ಲಿನ್‌ಗೆ ಮಾತ್ರ ತಿಳಿಯುತ್ತದೆ, ಅವಳು ಜನರಿಗೆ ಹೇಳುವುದಿಲ್ಲ. ಅಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿದ ಮನುಷ್ಯ ಗುರು ಅವರು. ‘ಸರಿ ಬಿಡು’ ಅಂದರು.

ಮೂರನೇ ದಿನ ಬೆಳಗ್ಗೆ, ‘ಹೋಗಿ ಕಾಫಿ ಕುಡ್ಕೊಂಡು ಬಾ, ಚಿಲ್ಲರೆ ಇದ್ಯಾ?’ ಅಂದರು. ಇದೆ ಅಂದೆ. ಕೆಳಗೆ ಹೋಗಿ ಕುಡಿದು ಬಂದೆ. ಹತ್ತು ನಿಮಿಷ ಇರಬಹುದು. ಬಂದಾಗ ಇರಲಿಲ್ಲ.

ಆ ಬಯಲಿನ ಸೀನ್ ಬರುವಾಗ ಬೆಳಗಿನ ಜಾವ ಮೂರೂವರೆ. ಲೀ ತಿರುಗುತ್ತಾನೆ, ಅವಳಿಲ್ಲ. ಅವನು ಓಡಾಡಿ ಹುಡುಕುವುದಿಲ್ಲ, ಗಮನಿಸಿದ್ದೀಯಾ? ನಿಂತಲ್ಲೇ ನಿಂತು ಅವಳಿಗೆ ವಿದಾಯ ಹೇಳುತ್ತಾನೆ. ನಾನು ಅಲ್ಲಿ ನಿಲ್ಲಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಪಟ್ಟಿಯ ಮೊದಲನೆಯದನ್ನು ಹೊಡೆದು ಹಾಕಿದೆ. ಉಳಿದ ಹತ್ತರಲ್ಲಿ ನಾಲ್ಕು ಇನ್ನೂ ಇವೆ. ಅವುಗಳ ಬಗ್ಗೆ ಜಗಳ ಆಡೋಣ, ಬಾ.

ಇಷ್ಟೆಲ್ಲ ಬರೆಯುವ ಇರಾದೆ ಇರಲಿಲ್ಲ. ಆ ಸುಳ್ಳಿನ ವಿಷಯ ಅಮ್ಮನಿಗೂ ಹೇಳಿಲ್ಲ. ಅಮ್ಮ ಇದನ್ನು ಓದುವುದಿಲ್ಲ, ಓದಿದವರು ಹೇಳಬೇಡಿ.

ಆಯಿತು, ಬೇರೆ ಸುದ್ದಿ. ಈ ಸಲ ಕರಗಕ್ಕೆ ಅಮ್ಮನನ್ನು ನಾನು ಕರೆದುಕೊಂಡು ಹೋಗಬೇಕಂತೆ. ಅಪ್ಪ ನಿಲ್ಲುತ್ತಿದ್ದ ಅದೇ ಮೂಲೆ, ಪಾತ್ರೆ ಅಂಗಡಿ ಜಗಲಿ, ಅಲ್ಲೇ ಜಾಗ ಹಿಡಿಯಬೇಕು ಅಂತ ಈಗಿನಿಂದಲೇ ಶುರು ಮಾಡಿದ್ದಾರೆ. ಮಲ್ಲಿಗೆ ಎರಡು ಕೇಜಿ ಹೇಳಿದ್ದೇನೆ. ರಜೆ ಸಿಕ್ಕಿದರೆ ಬಂದುಬಿಡೋ. ನಿನ್ನ ಹಳೇ ಹಾರ್ಡ್ ಡಿಸ್ಕ್ ಇನ್ನೂ ಓಡುತ್ತಿದೆ, ಅದರ ಸದ್ದು ಮಾತ್ರ ಥೇಟ್ ಗೊರಕೆ. ಮೂರನೇ ಟೀ ಲೆಕ್ಕ ನಾನು ಮರೆತಿಲ್ಲ, ನೀನೂ ಮರೆತಿರಲಾರೆ.

ಬಂದರೆ ಗಾಂಧಿ ಬಜಾರಿಗೆ ಒಟ್ಟಿಗೆ ಹೋಗೋಣ. ಮೋಟಾರಿನ ವಿಷಯ ಆಂಟಿಗೆ ನೀನೇ ಹೇಳು.

ನಿನ್ನ
ಮಗಾ